ಪುರಸಭೆಯ ಸದಸ್ಯ ಜ್ಯೋತಿಬಾ ಫುಲೆ

ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರನ್ನು ಕೇಳದ ವಿದ್ಯಾರ್ಥಿ ಇಂದು ಇರಲಾರನು. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರೆಂದೂ ಸತ್ಯಶೋಧಕ ಸಮಾಜವನ್ನು ಕಟ್ಟಿದವರೆಂದೂ ನಾವೆಲ್ಲರೂ ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಅವರು 1876ರಿಂದ 1882ರ ವರೆಗೆ ಪುಣೆಯ ಪುರಸಭೆಯಲ್ಲಿ ಸದಸ್ಯರಾಗಿ ಕುಳಿತಿದ್ದರೆಂಬುದನ್ನು ನೆನೆಯುವವರು ವಿರಳ. ಸಾರ್ವಜನಿಕರ ಹಣ ಯಾರಿಂದ ಬರುತ್ತದೆ, ಯಾರಿಗಾಗಿ ವೆಚ್ಚವಾಗುತ್ತದೆ, ಆ ವೆಚ್ಚವನ್ನು ಕಣ್ಣಿಟ್ಟು ನೋಡುವವರು ಯಾರು ಎಂಬ ಮೂರು ಪ್ರಶ್ನೆಗಳು ಅವರನ್ನು ಜೀವಮಾನವಿಡೀ ಕಾಡಿದುವು. ಆ ದೃಷ್ಟಿಯಿಂದ ಅವರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದು ನನ್ನ ಉದ್ದೇಶ.

ಜ್ಯೋತಿಬಾ ಜನಿಸಿದ್ದು 1827ರಲ್ಲಿ. ಜಾತಿಯಿಂದ ಮಾಳಿ, ಅಂದರೆ ಹೂವು ತರಕಾರಿ ಬೆಳೆಯುವವರು. ಪೇಶ್ವೆಯವರ ಕಾಲದಲ್ಲಿ ಹೂ ಒದಗಿಸುತ್ತಿದ್ದುದರಿಂದ ಮನೆತನಕ್ಕೆ ಫುಲೆ ಎಂಬ ಹೆಸರು ನಿಂತಿತು. ಎಳವೆಯಲ್ಲಿಯೇ ತಾಯಿ ತೀರಿಕೊಂಡರು. ಅಕ್ಷರ ಕಲಿತ ಮಾಳಿಯ ಮಗ ತೋಟಕ್ಕೂ ಬಾರದವನಾಗುತ್ತಾನೆಂಬ ಮಾತು ಕೇಳಿ ತಂದೆ ಗೋವಿಂದರಾಯರು ಹುಡುಗನನ್ನು ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದರು. ನೆರೆಯಲ್ಲಿದ್ದ ಪಾರಸಿ ಭಾಷೆಯ ಶಿಕ್ಷಕರಾದ ಗಫಾರ್ ಬೇಗ್ ಮುನ್ಷಿಯವರೂ ಲಿಜಿಟ್ ಎಂಬ ಸಾಹೇಬರೂ ತಂದೆಗೆ ತಿಳಿಯಹೇಳಿದ್ದರಿಂದ 1841ರಲ್ಲಿ ಜ್ಯೋತಿಬಾ ಸ್ಕಾಟಿಷ್ ಮಿಷನ್ ಶಾಲೆಯನ್ನು ಸೇರಿದರು. ಇಬ್ಬರು ನೆರೆಯವರ ಕನಿಕರವಿಲ್ಲದಿದ್ದರೆ ಆ ಹುಡುಗ ತೋಟದಲ್ಲಿಯೇ ಉಳಿದುಬಿಡುತ್ತಿದ್ದನು. ಒಂದು ಮಗುವಿನ ವಿದ್ಯೆ ನೆರೆಯವರ ಕನಿಕರದ ಮೇಲೆ ನಿಲ್ಲಬೇಕೇ? ಮುಂದೆ ಅವರು ಮಾಡಿದ ಕೆಲಸವೆಲ್ಲ ಈ ಪ್ರಶ್ನೆಗೆ ಉತ್ತರವೆಂದೇ ನನಗೆ ತೋರುತ್ತದೆ.

1848ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಪತ್ನಿ ಸಾವಿತ್ರಿಬಾಯಿಯವರೇ ಶಿಕ್ಷಕಿಯಾದರು. ಊರವರ ಒತ್ತಾಯಕ್ಕೆ ಮಣಿದು ತಂದೆ ಮಗಸೊಸೆಯರನ್ನು ಮನೆಯಿಂದ ಹೊರಗೆ ಹಾಕಿದರೂ ದಂಪತಿಗಳು ಹಿಮ್ಮೆಟ್ಟಲಿಲ್ಲ. ಅಸ್ಪೃಶ್ಯರ ಮಕ್ಕಳಿಗೂ ಶಾಲೆಗಳು ನಡೆದುವು. 1863ರಲ್ಲಿ ವಿಧವೆಯರ ಹೆರಿಗೆಗೂ ಶಿಶುಗಳ ರಕ್ಷಣೆಗೂ ಒಂದು ಆಶ್ರಯಧಾಮವನ್ನು ಸ್ಥಾಪಿಸಿದರು. ಅಲ್ಲಿ ಹುಟ್ಟಿದ ಒಂದು ಮಗುವನ್ನೇ ದತ್ತು ಪಡೆದು ಯಶವಂತನೆಂದು ಹೆಸರಿಟ್ಟರು. 1868ರಲ್ಲಿ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟರು. 1873ರಲ್ಲಿ 'ಗುಲಾಮಗಿರಿ' ಗ್ರಂಥ ಅಚ್ಚಾಯಿತು. ಅದೇ ವರ್ಷ ಸತ್ಯಶೋಧಕ ಸಮಾಜ ಹುಟ್ಟಿತು.

ಇಷ್ಟೆಲ್ಲವೂ ಬಹುಮಟ್ಟಿಗೆ ಸ್ವಂತ ದುಡಿಮೆ ಮತ್ತು ಸ್ನೇಹಿತರ ಚಂದಾ ಹಣದಿಂದ ನಡೆದ ಕೆಲಸ. ಜ್ಯೋತಿಬಾ ಜೀವನೋಪಾಯಕ್ಕೆ ಗುತ್ತಿಗೆದಾರರಾಗಿದ್ದರು. ಸರ್ಕಾರಿ ಕಾಮಗಾರಿಗಳಿಗೆ ಕಲ್ಲು ಸುಣ್ಣ ಒದಗಿಸುತ್ತ, ಸಾರ್ವಜನಿಕ ಹಣ ಹೇಗೆ ಹರಿಯುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಹತ್ತಿರದಿಂದ ಕಂಡರು. ಚಂದಾ ಎತ್ತಿ ನಡೆಸಿದ ಶಾಲೆ ಚಂದಾ ನಿಂತ ದಿನ ಸೊರಗುತ್ತದೆಂಬುದನ್ನೂ ಅನುಭವದಿಂದ ಅರಿತರು. ಇಂಥ ಅನುಭವದೊಡನೆ ಅವರು 1876ರಲ್ಲಿ ಪುರಸಭೆಯನ್ನು ಪ್ರವೇಶಿಸಿದರು.

ಆಗ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿದ್ದಿತು. ನೇಮಿಸಿದವರ ಮಾತಿಗೆ ತಲೆದೂಗುವುದೇ ಸಭೆಯ ಮರ್ಯಾದೆ. ಜ್ಯೋತಿಬಾ ಅದನ್ನು ಪಾಲಿಸಲಿಲ್ಲ. 1880ರಲ್ಲಿ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಪುಣೆಗೆ ಬರುವ ಸಂದರ್ಭದಲ್ಲಿ ಸ್ವಾಗತಕ್ಕಾಗಿ ಸಾವಿರ ರೂಪಾಯಿ ವೆಚ್ಚ ಮಾಡುವ ಸಲಹೆ ಸಭೆಯ ಮುಂದೆ ಬಂದಿತು. ಆ ಹಣವನ್ನು ಬಡವರ ಶಿಕ್ಷಣಕ್ಕೆ ಬಳಸುವುದು ಮೇಲೆಂದು ಜ್ಯೋತಿಬಾ ಹೇಳಿದರು. ಮೂವತ್ತೆರಡು ಜನ ಸದಸ್ಯರಲ್ಲಿ ವಿರೋಧವಾಗಿ ಮತವಿತ್ತವರು ಅವರೊಬ್ಬರೇ. ಊರಲ್ಲಿ ಹೆಂಡದಂಗಡಿಗಳು ಹೆಚ್ಚುತ್ತಿರುವುದನ್ನು ಖಂಡಿಸಿ ಅದೇ ವರ್ಷ ಪುರಸಭೆಯ ಅಧ್ಯಕ್ಷರಿಗೆ ಪತ್ರ ಬರೆದರು. ಭಾರೀ ಮಾರುಕಟ್ಟೆಯ ಕಟ್ಟಡವೊಂದನ್ನು ಎಬ್ಬಿಸುವ ಯೋಜನೆಯನ್ನೂ ಅವರು ವಿರೋಧಿಸಿದರು. ಆ ಹಣ ಬಡಜನರ ವಿದ್ಯೆಗೆ ಸಲ್ಲಬೇಕೆಂಬುದೇ ಅಲ್ಲಿಯೂ ಅವರ ವಾದ. ಆದರೂ ಮಾರುಕಟ್ಟೆ ಎದ್ದಿತು. ಗವರ್ನರ್ ಲಾರ್ಡ್ ರೇ ಅವರ ಹೆಸರಿನಲ್ಲಿ 1886ರಲ್ಲಿ ಪ್ರಾರಂಭವಾಯಿತು. ಕಾಲದ ವಿನೋದವೆಂದರೆ ಇದು: ಅದೇ ಕಟ್ಟಡ ಇಂದು ಮಹಾತ್ಮಾ ಫುಲೆ ಮಂಡಈ ಎಂದು ಕರೆಸಿಕೊಳ್ಳುತ್ತಿದೆ. ಹೆಸರಿಟ್ಟು ಗೌರವಿಸುವುದು ಸುಲಭ, ಕೇಳಿದ್ದನ್ನು ಕೊಡುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಅವರು ಪುರಸಭೆಯಲ್ಲಿದ್ದ ಕಾಲವೇ 1876-78ರ ಮಹಾ ಕ್ಷಾಮದ ಕಾಲ. ದಖ್ಖಣವೆಲ್ಲ ಬೆಂದುಹೋಯಿತು, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳ ರೈತರೂ ಅದರಲ್ಲಿ ಬೆಂದರು. ಸತ್ಯಶೋಧಕರು ಪುಣೆಯ ಬಳಿಯ ಧನಕವಡಿಯಲ್ಲಿ ಹಸಿದ ಮಕ್ಕಳಿಗಾಗಿ ಅನ್ನಾಶ್ರಮ ನಡೆಸಿದರು. ಹಣಕ್ಕಾಗಿ ಜ್ಯೋತಿಬಾ ಮತ್ತೆ ಜನರ ಮುಂದೆ ಕೈಯೊಡ್ಡಬೇಕಾಯಿತು.

1882ರಲ್ಲಿ ಶಿಕ್ಷಣವನ್ನು ಕುರಿತು ಹಂಟರ್ ಆಯೋಗ ಬಂದಿತು. ಅದೇ ವರ್ಷ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ್ದರು. ಜ್ಯೋತಿಬಾ ಆಯೋಗಕ್ಕೆ ಒಪ್ಪಿಸಿದ ಮನವಿಯೇ ನನ್ನ ದೃಷ್ಟಿಯಲ್ಲಿ ಅವರ ಜೀವನದ ಬಹು ದೊಡ್ಡ ಕಾಗದ. ಅದನ್ನು ತಿಳಿಯಬೇಕಾದರೆ ಅಂದಿನ ಲೋಕಲ್ ಫಂಡಿನ ಲೆಕ್ಕ ತಿಳಿದಿರಬೇಕು. ಮುಂಬಯಿ ಪ್ರಾಂತದಲ್ಲಿ ರೈತನು ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯನ್ನು ಸ್ಥಳೀಯ ಪಟ್ಟಿಯಾಗಿ ಕೊಡಬೇಕಿತ್ತು. ಅದರಲ್ಲಿ ಮೂರರಲ್ಲೊಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮುಂತಾದವುಗಳಿಗೆ. ಹದಿನಾರು ರೂಪಾಯಿ ಕಂದಾಯದ ರೈತನು ಒಂದು ರೂಪಾಯಿ ಪಟ್ಟಿ ಕೊಟ್ಟರೆ ಶಾಲೆಯ ಪಾಲು ಐದಾಣೆ ನಾಲ್ಕು ಪೈ. ಪಟ್ಟಿಯ ಅರ್ಧ ಭಾಗ, ಅಂದರೆ ಎಂಟಾಣೆ, ಪ್ರಾಥಮಿಕ ಶಿಕ್ಷಣವೊಂದಕ್ಕೇ ಮೀಸಲಾಗಬೇಕೆಂದು ಜ್ಯೋತಿಬಾ ಕೇಳಿದರು. ಪುರಸಭೆಗಳು ತಮ್ಮ ಮೇರೆಯೊಳಗಿನ ಎಲ್ಲ ಪ್ರಾಥಮಿಕ ಶಾಲೆಗಳನ್ನು ನಡೆಸುವಂತೆ ಕಾಯಿದೆಯಿಂದಲೇ ಕಟ್ಟುಪಡಿಸಬೇಕು. ಸಾಲದ ಹಣವನ್ನು ಪ್ರಾಂತ ಸರ್ಕಾರ ತುಂಬಿಕೊಡಬೇಕು. ಹನ್ನೆರಡು ವಯಸ್ಸಿನ ವರೆಗಾದರೂ ಶಿಕ್ಷಣ ಕಡ್ಡಾಯವಾಗಬೇಕು. ಶಿಕ್ಷಕರು ತರಬೇತಿ ಪಡೆದವರಾಗಿ ಹನ್ನೆರಡು ರೂಪಾಯಿಗೆ ಕಡಮೆಯಿಲ್ಲದ ಸಂಬಳ ಪಡೆಯಬೇಕು ಎಂದರು.

ಹಣ ಕೇಳಿ ಸುಮ್ಮನಾಗಲಿಲ್ಲ. ಮೇಲ್ವಿಚಾರಣೆಯ ಮಾತನ್ನೂ ಎತ್ತಿದರು. ಅಧಿಕಾರಿಯು ವರ್ಷಕ್ಕೊಮ್ಮೆ ಬಂದು ಹೋದರೆ ಏನು ಪ್ರಯೋಜನ? ಮೂರು ತಿಂಗಳಿಗೊಮ್ಮೆಯಾದರೂ ತನಿಖೆ ನಡೆಯಬೇಕು, ಮುನ್ಸೂಚನೆಯಿಲ್ಲದೆಯೂ ಶಾಲೆಗೆ ಬರಬೇಕು ಎಂದರು. ಹಣವಿಲ್ಲದ ತನಿಖೆ ಬರಿಯ ಗದರಿಕೆ. ತನಿಖೆಯಿಲ್ಲದ ಹಣ ಸೋರುವ ಕೊಡ. ಎರಡನ್ನೂ ಜೊತೆಗೂಡಿಸಿ ಕೇಳಿದ್ದೇ ಅವರ ವಿವೇಕ.

ಆಯೋಗವು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಬೇಕೆಂದು ಶಿಫಾರಸು ಮಾಡಿತು. ಕಡ್ಡಾಯ ಶಿಕ್ಷಣ ಮಾತ್ರ ಅವರ ಕಾಲಕ್ಕೆ ಬರಲಿಲ್ಲ. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಆ ಅಧಿಕಾರ ದೊರೆತದ್ದು 1918ರಲ್ಲಿ. ಇಡೀ ದೇಶದ ಮಕ್ಕಳಿಗೆ ಅದು ಕಾಯಿದೆಯ ಹಕ್ಕಾದದ್ದು 2009ರಲ್ಲಿ.

1883ರಲ್ಲಿ ಬರೆದ 'ಶೇತಕರ್‍ಯಾಚಾ ಆಸೂಡ', ಎಂದರೆ ರೈತನ ಬಾರುಕೋಲು, ಎಂಬ ಗ್ರಂಥದಲ್ಲಿ ಜ್ಯೋತಿಬಾ ಪಟ್ಟಿ, ಜಕಾತಿಗಳ ಭಾರದಡಿ ನಲುಗಿದ ರೈತನ ಪಾಡನ್ನು ಬಿಡಿಸಿಟ್ಟರು. 1888ರಲ್ಲಿ ಜನರು ಅವರನ್ನು ಮಹಾತ್ಮರೆಂದು ಕರೆದರು. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋದಾಗ ಎಡಗೈಯಿಂದ ಬರೆಯುತ್ತ ಕೊನೆಯ ಗ್ರಂಥವನ್ನು ಮುಗಿಸಿದರು. 1890ರ ನವೆಂಬರ್ 28ರಂದು ಕಾಲವಶರಾದರು. ಏಳು ವರ್ಷಗಳ ತರುವಾಯ, 1897ರಲ್ಲಿ, ಪ್ಲೇಗು ರೋಗಿಗಳ ಶುಶ್ರೂಷೆ ಮಾಡುತ್ತ ಸಾವಿತ್ರಿಬಾಯಿಯವರೂ ಅದೇ ರೋಗಕ್ಕೆ ತುತ್ತಾದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಊರಿನ ಸರ್ಕಾರಿ ಶಾಲೆ ಇಲ್ಲದಿದ್ದರೆ ನಾನೂ ಗಫಾರ್ ಬೇಗರಂಥ ನೆರೆಯವರಿಗಾಗಿ ಕಾಯಬೇಕಿತ್ತು. ಇಲ್ಲಿನ ಸಹಪಾಠಿಗಳಲ್ಲಿ ಅನೇಕರ ಕಥೆಯೂ ಇದೇ. ಆದುದರಿಂದ ಈ ಚರಿತ್ರೆ ನಮಗೆ ಪರೀಕ್ಷೆಯ ಪಾಠ ಮಾತ್ರವಾಗಬಾರದು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದ ಮೇಲೆ ಪಂಚಾಯತಿ, ಪುರಸಭೆಗಳು ಯಾರೋ ನೇಮಿಸಿದ ಸಭೆಗಳಾಗಿ ಉಳಿದಿಲ್ಲ. ನಮ್ಮ ಮತದಿಂದ ಹುಟ್ಟುವ ಸಭೆಗಳಾಗಿವೆ. ಮನೆಪಟ್ಟಿಯ ರಸೀದಿಯಲ್ಲಿ ಗ್ರಂಥಾಲಯ ಕರ, ಆರೋಗ್ಯ ಕರ ಎಂಬ ಸಾಲುಗಳನ್ನು ಕಂಡಾಗ, ಆ ಹಣ ಯಾವ ಪುಸ್ತಕವಾಯಿತು, ಯಾವ ಔಷಧಿಯಾಯಿತು ಎಂದು ಕೇಳುವುದು ಓದಿದವರ ಕರ್ತವ್ಯ. ಮೂವತ್ತೆರಡು ಜನರ ನಡುವೆ ಒಬ್ಬರೇ ಆಗಿದ್ದಾಗಲೂ ಜ್ಯೋತಿಬಾ ಅದನ್ನು ಕೇಳಿದರು. ಪದವಿ ಪಡೆದು ಊರಿಗೆ ಮರಳುವ ನಾವು ಅಷ್ಟು ಒಂಟಿಗರೇನೂ ಅಲ್ಲ.