ಐದು ಸಲ ಮೊದಲ ಪಾಠಕ್ಕೆ ಕೂತ ಬಾಬಾ

ಏನಾದರೂ ಒಂದು ವಾದ್ಯ ಕಲಿಯಬೇಕೆಂಬ ಆಸೆ ನಮ್ಮಲ್ಲಿ ಬಹಳ ಮಂದಿಗೆ ಡಿಗ್ರಿಗೆ ಬಂದ ಮೇಲೆಯೇ ಹುಟ್ಟುತ್ತದೆ. ಧೈರ್ಯ ಮಾಡಿ ಕ್ಲಾಸಿಗೆ ಹೋದರೆ ಪಕ್ಕದಲ್ಲಿ ಕೂತಿರುವುದು ಮೂರನೇ ತರಗತಿಯ ಮಕ್ಕಳು. ಅವರ ಬೆರಳು ಸಲೀಸಾಗಿ ಓಡುತ್ತಿದ್ದರೆ ನಮ್ಮದು ತಡವರಿಸುತ್ತದೆ. ನಾನೂ ಎರಡು ತಿಂಗಳು ಕೊಳಲು ಕಲಿತು, ಕೆಲಸ ಸಿಕ್ಕ ಮೇಲೆ ನೋಡೋಣ ಎಂದುಕೊಂಡು ಕಪಾಟಿನ ಮೇಲಿಟ್ಟವನು. ಈಗ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮುಂದೆ ಕೂತಿರುವಾಗ ಅದರ ಮೇಲೆ ಧೂಳು ಕಾಣುತ್ತದೆ. ಇನ್ನು ತಡವಾಯಿತು ಅನ್ನಿಸಿದಾಗಲೆಲ್ಲ ನನಗೆ ನೆನಪಾಗುವುದು ಬಾಬಾ ಅಲ್ಲಾವುದ್ದೀನ್ ಖಾನ್.

ಪಂಡಿತ್ ರವಿಶಂಕರ್ ಅವರ ಗುರು, ಅಲಿ ಅಕ್ಬರ್ ಖಾನ್ ಅವರ ತಂದೆ ಎಂದೇ ಅವರು ನಮಗೆ ಗೊತ್ತು. ಆದರೆ ಆ ಎತ್ತರಕ್ಕೆ ಏರುವ ಮೊದಲು ಅವರು ಎಷ್ಟು ಸಲ ಮೊದಲ ಪಾಠಕ್ಕೆ ಕೂತಿದ್ದರು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಅವರು ಹುಟ್ಟಿದ್ದು ಇಂದಿನ ಬಾಂಗ್ಲಾದೇಶದ ಬ್ರಾಹ್ಮಣ್‌ಬಾರಿಯಾ ಬಳಿಯ ಶಿಬ್‌ಪುರ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಸಂಗೀತವಿತ್ತು, ಅಣ್ಣ ಅಫ್ತಾಬುದ್ದೀನ್ ಒಳ್ಳೆಯ ವಾದಕ. ಶಾಲೆಗಿಂತ ಹಾಡು ಹೆಚ್ಚು ಎಳೆಯಿತು. ಇನ್ನೂ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋದ ಅಲ್ಲಾವುದ್ದೀನ್ ಜಾತ್ರಾ ಎಂಬ ಬಂಗಾಳದ ನಾಟಕ ಮಂಡಳಿ ಸೇರಿದರು. ಅಲ್ಲಿಂದ ಕೋಲ್ಕತ್ತಕ್ಕೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ, ಉಳಿಯಲು ಜಾಗವಿರಲಿಲ್ಲ.

ಅಲ್ಲಿ ಸಿಕ್ಕ ಮೊದಲ ದೊಡ್ಡ ಗುರು ಗೋಪಾಲಕೃಷ್ಣ ಭಟ್ಟಾಚಾರ್ಯ. ಜನ ಅವರನ್ನು ನುಲೋ ಗೋಪಾಲ್ ಎನ್ನುತ್ತಿದ್ದರು. ಪಾಠ ಹೇಳಿಕೊಡಲು ಅವರು ಹಾಕಿದ ಷರತ್ತು ಹನ್ನೆರಡು ವರ್ಷ ಸರಿಗಮದ ಸಾಧನೆ. ಸರಳೆ ವರಸೆಯಂಥ ಸ್ವರಾಭ್ಯಾಸವನ್ನೇ ಹನ್ನೆರಡು ವರ್ಷ ಹಾಡುವುದು! ಹುಡುಗ ಒಪ್ಪಿದ. ಏಳು ವರ್ಷ ಕಳೆದಿತ್ತು, ಪ್ಲೇಗ್‌ ಬಂದು ಗುರುಗಳು ತೀರಿಕೊಂಡರು. ಐದು ವರ್ಷದ ಪಾಠ ಬಾಕಿ ಇರುವಾಗಲೇ ಪಾಠಶಾಲೆ ಮುಚ್ಚಿದಂತಾಯಿತು.

ಅಲ್ಲಾವುದ್ದೀನ್ ಗಾಯನ ಬಿಟ್ಟು ವಾದ್ಯಗಳ ಕಡೆ ತಿರುಗಿದರು. ಸ್ವಾಮಿ ವಿವೇಕಾನಂದರ ಬಂಧು, ಸ್ಟಾರ್ ಥಿಯೇಟರಿನ ಸಂಗೀತ ನಿರ್ದೇಶಕ ಅಮೃತಲಾಲ್ ದತ್ತ ಅವರ ಬಳಿ ಹಲವು ವಾದ್ಯಗಳ ಪರಿಚಯವಾಯಿತು. ಲೋಬೋ ಎಂಬ ಗೋವಾದ ಬ್ಯಾಂಡ್‌ಮಾಸ್ಟರ್ ಬಳಿ ಪಾಶ್ಚಾತ್ಯ ಶೈಲಿಯ ಪಿಟೀಲು, ಹಜಾರಿ ಉಸ್ತಾದರ ಬಳಿ ಶಹನಾಯಿ ಕಲಿತರು. ಏಳು ವರ್ಷ ಹಾಡಿದ ಸ್ವರಗಳು ಇಲ್ಲಿ ಕೈಹಿಡಿದವು. ಕಿವಿಗೆ ಸ್ವರ ಗೊತ್ತಿದ್ದರೆ ಬೆರಳು ಅದನ್ನು ಹುಡುಕಿಕೊಳ್ಳುತ್ತದೆ. ವಾದ್ಯ ಹಿಡಿಯುವ ಮೊದಲು ಬಾಯಲ್ಲಿ ಹಾಡಿಸುವ ಗುರುಗಳ ಮೇಲೆ ನಮಗೆ ಸಿಟ್ಟು ಬರುತ್ತದಲ್ಲ, ಅವರು ಹಾಗೆ ಮಾಡುವುದು ಇದಕ್ಕೇ.

ಇಷ್ಟೆಲ್ಲ ಕಲಿತ ಮೇಲೆ ಜಂಬ ಬಾರದೇ ಇರುತ್ತದೆಯೇ? ಮುಕ್ತಾಗಾಛಾದ ಜಮೀನ್ದಾರ ಜಗತ್‌ಕಿಶೋರ್ ಆಚಾರ್ಯರ ಮನೆಗೆ ಹೋಗುವಾಗ ಅಲ್ಲಾವುದ್ದೀನ್ ತನಗೆ ಬಾರದ ವಾದ್ಯವಿಲ್ಲ ಎಂದೇ ನಂಬಿದ್ದರು. ಅಲ್ಲಿ ಅಹ್ಮದ್ ಅಲಿ ಖಾನ್ ಅವರ ಸರೋದ್ ಕೇಳಿದರು. ಜಂಬವೆಲ್ಲ ಇಳಿಯಿತು. ತಾನು ಕಲಿತದ್ದು ಏನೂ ಅಲ್ಲ ಎನ್ನಿಸಿ ಅವರ ಕಾಲಿಗೆ ಬಿದ್ದು ಶಿಷ್ಯರಾದರು. ಗುರುವಿಗೆ ಅಡುಗೆ ಮಾಡಿ, ಮನೆಗೆಲಸ ಮಾಡಿ, ಹೊಸ ವಾದ್ಯದ ಮೊದಲ ಪಾಠಕ್ಕೆ ಕೂತರು.

ಸರೋದ್ ಸುಲಭದ ವಾದ್ಯವಲ್ಲ. ವೀಣೆ, ಸಿತಾರಿನಲ್ಲಿರುವಂತೆ ಅದರಲ್ಲಿ ಮೆಟ್ಟಿಲುಗಳಿಲ್ಲ. ನುಣುಪಾದ ಲೋಹದ ಹಲಗೆಯ ಮೇಲೆ ತಂತಿಯನ್ನು ಉಗುರಿನಿಂದ ಒತ್ತಿ ಜಾರಿಸಬೇಕು. ಇನ್ನೊಂದು ಕೈಯಲ್ಲಿ ತೆಂಗಿನ ಕರಟದ ತುಂಡು ಹಿಡಿದು ಮೀಟಬೇಕು. ಸ್ವರ ಎಲ್ಲಿದೆ ಎಂದು ತೋರಿಸುವ ಗುರುತು ಯಾವುದೂ ಇಲ್ಲ, ಕೂದಲೆಳೆ ತಪ್ಪಿದರೂ ಅಪಸ್ವರ. ಅದರ ಮೇಲೆ ಅಲ್ಲಾವುದ್ದೀನ್ ಅದನ್ನು ನುಡಿಸಿದ್ದು ಎಡಗೈಯಲ್ಲಿ ಮೀಟಿ.

ಅಲ್ಲಿಗೂ ತೃಪ್ತಿಯಾಗಲಿಲ್ಲ. ರಾಂಪುರದಲ್ಲಿ ತಾನ್‌ಸೇನನ ಪರಂಪರೆಯ ಬೀನ್ ವಾದಕ ವಜೀರ್ ಖಾನ್ ಇದ್ದರು, ನವಾಬ ಹಮೀದ್ ಅಲಿ ಖಾನರ ಗುರು. ಆ ಕಾಲದಲ್ಲಿ ಇಂಥ ವಿದ್ಯೆ ಮನೆತನದ ಆಸ್ತಿ. ಹೊರಗಿನವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಅಲ್ಲಾವುದ್ದೀನ್ ನವಾಬರ ವಾಹನಕ್ಕೇ ಅಡ್ಡ ಬಿದ್ದರು. ನವಾಬರು ಕರೆಸಿ ನುಡಿಸಲು ಹೇಳಿ, ಮೆಚ್ಚಿ, ತಾವೇ ಗುರುಗಳಿಗೆ ಶಿಫಾರಸು ಮಾಡಿದರು. ಶಿಷ್ಯನೆಂದು ದಾರ ಕಟ್ಟಿಸಿಕೊಂಡದ್ದೂ ಆಯಿತು. ಆದರೆ ಪಾಠ ಶುರುವಾಗಲು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು.

ಇದಕ್ಕೆ ಬೆಲೆ ತೆತ್ತದ್ದು ಅವರೊಬ್ಬರೇ ಅಲ್ಲ. ಮನೆಯವರು ಮದುವೆ ಮಾಡಿಸಿದರೂ ಸಂಸಾರದಲ್ಲಿ ನಿಲ್ಲದೆ ಮತ್ತೆ ಓಡಿಹೋಗಿದ್ದರು. ಊರಲ್ಲಿ ಹೆಂಡತಿ ಒಂಟಿಯಾಗಿ ಬಹಳ ನೊಂದಳು. ಆಕೆಯ ಸಂಕಟದ ಸುದ್ದಿ ರಾಂಪುರ ಮುಟ್ಟಿದ ಮೇಲೆಯೇ ವಜೀರ್ ಖಾನ್ ಕರಗಿ ಮನಸ್ಸು ಬಿಚ್ಚಿ ಕಲಿಸಲು ಕೂತರು. ಸಾಧಕರ ಕಥೆ ಹೇಳುವಾಗ ಈ ಭಾಗವನ್ನು ನಾವು ಹಾರಿಸಿಬಿಡುತ್ತೇವೆ. ಹಾರಿಸಬಾರದು.

1918ರ ಹೊತ್ತಿಗೆ ಅವರು ಇಂದಿನ ಮಧ್ಯಪ್ರದೇಶದ ಮೈಹರ್‌ ಸಂಸ್ಥಾನದಲ್ಲಿ ರಾಜ ಬ್ರಿಜನಾಥ ಸಿಂಗ್ ಅವರ ಆಸ್ಥಾನ ಸಂಗೀತಗಾರರಾಗಿದ್ದರು. ಸಾಂಕ್ರಾಮಿಕ ರೋಗದಿಂದ ಅನಾಥರಾಗಿದ್ದ ಮಕ್ಕಳನ್ನು ಕೂಡಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ವಾದ್ಯ ಕೊಟ್ಟು ಬ್ಯಾಂಡ್ ಕಟ್ಟಿದರು. ಬಂದೂಕಿನ ನಳಿಗೆಗಳನ್ನು ಜೋಡಿಸಿ ನಲ್‌ತರಂಗ್ ಎಂಬ ಹೊಸ ವಾದ್ಯ ಮಾಡಿದರು. ವಿದ್ಯೆಗಾಗಿ ಹಾದಿಯಲ್ಲಿ ಅಡ್ಡ ಬಿದ್ದವರು ಯಾವ ಘರಾನೆಗೂ ಸೇರದ ಆ ಮಕ್ಕಳನ್ನು ತಾವೇ ಕರೆದು ಕೂರಿಸಿದ್ದರು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

1938ರಲ್ಲಿ ಅವರಲ್ಲಿಗೆ ಬಂದ ರವಿಶಂಕರ್‌ಗೆ ಆಗ ಹದಿನೆಂಟು ವರ್ಷ. ಅಣ್ಣ ಉದಯಶಂಕರ್ ಅವರ ತಂಡದಲ್ಲಿ ಯುರೋಪ್ ಸುತ್ತುತ್ತಿದ್ದ ನರ್ತಕ, ಆ ಬದುಕು ಬಿಟ್ಟು ಪುಟ್ಟ ಊರಿನಲ್ಲಿ ಸಿತಾರ್ ಸಾಧನೆಗೆ ಕೂತರು. ಮಗಳು ಅನ್ನಪೂರ್ಣಾಗೆ ಬಾಬಾ ಮೊದಲು ಕಲಿಸಿರಲಿಲ್ಲ. ಅಣ್ಣನ ತಪ್ಪನ್ನು ಆಕೆ ಹಾಡಿ ತಿದ್ದುತ್ತಿದ್ದುದು ಒಂದು ದಿನ ಕಿವಿಗೆ ಬಿದ್ದ ಮೇಲೆ ಆಕೆಯನ್ನೂ ಪಾಠಕ್ಕೆ ಕೂರಿಸಿದರು. ಬಾಬಾ ವಿಪರೀತ ಕೋಪಿಷ್ಠರು, ಮಕ್ಕಳಿಗೂ ಶಿಷ್ಯರಿಗೂ ಹೊಡೆಯುತ್ತಿದ್ದರು. ಅದನ್ನು ಗುರುಭಕ್ತಿಯ ಹೆಸರಿನಲ್ಲಿ ಹೊಗಳಬೇಕಿಲ್ಲ. ಕಲಿಯುವ ಹಟ ಅವರಿಂದ ತೆಗೆದುಕೊಂಡರೆ ಸಾಕು.

1971ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ಮೈಹರ್‌ನಲ್ಲೇ ತೀರಿಕೊಂಡರು. ಅವರ ಪರಂಪರೆ ನಮ್ಮ ಮೈಸೂರಿಗೂ ಬಂದಿದೆ. ಇಂಗ್ಲಿಷ್ ಸಾಹಿತ್ಯ ಓದಿ, ಪಾಠ ಹೇಳುತ್ತಿದ್ದ ಪಂಡಿತ್ ರಾಜೀವ ತಾರಾನಾಥರು ಮೊದಲು ಕಲಿತದ್ದು ಗಾಯನ. ಅಲಿ ಅಕ್ಬರ್ ಖಾನರ ಸರೋದ್ ಕೇಳಿದ ಮೇಲೆ ದಾರಿ ಬದಲಿಸಿ ಅವರ ಶಿಷ್ಯರಾದರು. ಅವರೂ ಬೆಳೆದ ಮೇಲೆ ಮತ್ತೆ ಮೊದಲ ಪಾಠಕ್ಕೆ ಕೂತವರೇ.

ಗಾಯನ, ಪಿಟೀಲು, ಶಹನಾಯಿ, ಸರೋದ್, ಕೊನೆಗೆ ರಾಂಪುರದ ಬಾಗಿಲು. ಪ್ರತಿ ಸಲವೂ ಅಲ್ಲಾವುದ್ದೀನ್ ಗೊತ್ತಿದ್ದದ್ದನ್ನು ಪಕ್ಕಕ್ಕಿಟ್ಟು, ಏನೂ ಬಾರದವನಂತೆ ಕೂತರು. ನಮ್ಮನ್ನು ಹಿಂದಕ್ಕೆ ಎಳೆಯುವುದು ವಯಸ್ಸಲ್ಲ, ಮೂರನೇ ತರಗತಿಯ ಹುಡುಗನ ಪಕ್ಕ ತಪ್ಪು ನುಡಿಸಲು ಆಗುವ ನಾಚಿಕೆ. ಕೆಲಸ ಹುಡುಕುವವರಿಗೂ ಇದು ಗೊತ್ತಿರುವ ನೋವೇ. ನಾಲ್ಕು ವರ್ಷ ಓದಿದ್ದು ಒಂದು, ಸಿಕ್ಕ ಕೆಲಸ ಕೇಳುವುದು ಇನ್ನೊಂದು. ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು.

ಮನೆ ಬಿಟ್ಟು ಓಡಿಹೋಗುವ ಅಗತ್ಯ ಇಂದು ನಮಗಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಕಳೆದ ವಾರ ಕೊಳಲಿನ ಧೂಳು ಒರೆಸಿದೆ. ಊದಿದರೆ ಬಂದದ್ದು ಬರೀ ಗಾಳಿ. ಮೂರನೇ ದಿನ ಸ ಬಂತು.