ಮಿನುಗುತಾರೆಯ ಊರಿನಲ್ಲಿ ಮಿನುಗುವ ಉಗುರು

ಡಿಸೆಂಬರ್ ಬಂತೆಂದರೆ ಮಂಗಳೂರಿನ ಗೃಹಿಣಿಯರ ಕೈಗೆ ಬಿಡುವೇ ಇಲ್ಲ ನೋಡಿ. ಒಂದು ಕಡೆ ಮದುವೆ, ಮದರಂಗಿ, ರೋಸ್. ಇನ್ನೊಂದು ಕಡೆ ಕ್ರಿಸ್‌ಮಸ್, ಪಕ್ಕದ ಮನೆಯಿಂದ ಬರುವ ಕುಸ್ವಾರ್ ತಟ್ಟೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಸಂಕ್ರಾಂತಿ, ಕದ್ರಿ ಜಾತ್ರೆ... ಹೋದಲ್ಲೆಲ್ಲ ನಾಲ್ಕು ಜನರ ಕಣ್ಣು ಮೊದಲು ಸೀರೆಯ ಮೇಲೆ, ಆಮೇಲೆ ಕೈಯ ಮೇಲೆ!

ಹಾಗಂತ ನೀವೂ ಹಂಪನಕಟ್ಟೆಗೆ ಹೋದಾಗ ಒಂದು ಪುಟ್ಟ ಬಾಟ್ಲಿ ಗ್ಲಿಟರ್ ನೈಲ್ ಪಾಲಿಶ್ ತಂದಿದ್ದೀರಿ. ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗುತ್ತದೆ. ಆದರೆ ತಂದದ್ದು ತಂದ ಹಾಗೇ ಕಪಾಟಿನಲ್ಲಿ ಉಂಟು. ಯಾಕೆ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಂತ ಅತ್ತೆ ಕೇಳಿಯಾರು, ಮಗಳು ನಕ್ಕಾಳು, ಮನೆಯವರು ಏನೂ ಹೇಳದೆ ಒಮ್ಮೆ ನೋಡಿಯಾರು... ಆ ಒಂದು ನೋಟಕ್ಕೇ ಹೆದರಿಕೆ ಅಲ್ವಾ?

ಬಾಟ್ಲಿ ತೆರೆಯುವ ಮೊದಲು ನಮ್ಮದೇ ಊರಿನ ಒಬ್ಬ ಹೆಣ್ಣುಮಗಳ ಬದುಕನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹೆಣ್ಣು ಸಿಂಗರಿಸಿಕೊಂಡರೆ ಜನ ಹೇಗೆ ನೋಡುತ್ತಾರೆ ಅನ್ನುವುದನ್ನು ಇಡೀ ಕರ್ನಾಟಕಕ್ಕೆ ತೋರಿಸಿಕೊಟ್ಟವರು ಅವರು. ಮಿನುಗುತಾರೆ ಕಲ್ಪನಾ.

ಕಲ್ಪನಾ ಹುಟ್ಟಿದ್ದು 1943ರ ಜುಲೈ 18ರಂದು, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ. ಮನೆಮಾತು ತುಳು. ತಂದೆ ತಾಯಿ ಇಟ್ಟ ಹೆಸರು ಶರತ್‌ಲತಾ. ಎಷ್ಟು ಚಂದದ ಹೆಸರು ನೋಡಿ! ಆದರೆ ಕನ್ನಡನಾಡು ನೆನಪಿಟ್ಟುಕೊಂಡದ್ದು ಕಲ್ಪನಾ ಅಂತಲೇ. ಹಾಸ್ಯನಟ ನರಸಿಂಹರಾಜು ಅವರು ಈ ಹುಡುಗಿಯನ್ನು ನಿರ್ದೇಶಕ ಬಿ.ಆರ್. ಪಂತುಲು ಅವರಿಗೆ ಪರಿಚಯಿಸಿದರು. 1963ರಲ್ಲಿ 'ಸಾಕು ಮಗಳು' ಚಿತ್ರದಲ್ಲಿ ಕಲ್ಪನಾ ತೆರೆಗೆ ಬಂದರು. ಆಗಿನ್ನೂ ಇಪ್ಪತ್ತರ ಹರೆಯ.

ನಾಲ್ಕು ವರ್ಷ ಕಳೆಯಿತು. 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ಬಂತು. ತ್ರಿವೇಣಿಯವರ ಕಾದಂಬರಿ ಅದು, ನಿಮ್ಮಲ್ಲಿ ಹಲವರು ಓದಿರುತ್ತೀರಿ. ಆಸ್ತಿವಂತರ ಒಬ್ಬಳೇ ಮಗಳು ಇಂದಿರಾ. ಮದುವೆ ನಿಶ್ಚಯವಾಗಿರುತ್ತದೆ. ಅಷ್ಟರಲ್ಲಿ ತಾಯಿಗೆ ಗಂಡುಮಗು ಹುಟ್ಟುತ್ತದೆ, ಆಸ್ತಿ ತನಗೆ ಬಾರದು ಅಂತ ಗೊತ್ತಾದ ಕೂಡಲೇ ಹುಡುಗ ಹಿಂದೆ ಸರಿಯುತ್ತಾನೆ. ಆಮೇಲೆ ಅವನಿಗೆ ಅಪಘಾತವಾದಾಗ ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವನಿಗೆ ಮನಸ್ಸು ಕರಗುತ್ತದೆ. ಆದರೆ ಅವಳು ಒಪ್ಪುವುದಿಲ್ಲ! ಆ ಕಾಲದಲ್ಲಿ ಬೇಡ ಅನ್ನುವ ನಾಯಕಿಯನ್ನು ನೋಡಿ ನಮ್ಮ ಅಮ್ಮಂದಿರು ಥಿಯೇಟರಿನಲ್ಲಿ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡದ್ದು ಬೇಸರಕ್ಕಲ್ಲ, ಸಮಾಧಾನಕ್ಕೆ ಅಂತ ನನಗನ್ನಿಸುತ್ತದೆ.

ಆ ಚಿತ್ರ ಕಪ್ಪು ಬಿಳುಪಿನದು. ಕಪ್ಪು ಬಿಳುಪಿನಲ್ಲಿ ಸೀರೆಯ ಬಣ್ಣ ಕಾಣುವುದಿಲ್ಲ, ತುಟಿಯ ಬಣ್ಣ ಕಾಣುವುದಿಲ್ಲ. ಕಾಣುವುದು ಹೊಳಪು ಮಾತ್ರ. ಕಣ್ಣಿನ ಹೊಳಪು, ಬಳೆಯ ಹೊಳಪು, ಉಂಗುರದ ಕಲ್ಲಿನ ಹೊಳಪು. ಮುಂದೆ ಮಿನುಗುತಾರೆ ಅನ್ನುವ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ತಾರೆಯರು ಬೇಕಾದಷ್ಟಿದ್ದರು, ಮಿನುಗುವವರು ಇವರೊಬ್ಬರೇ ಅನ್ನುವ ಹಾಗೆ.

1968ರ 'ಹಣ್ಣೆಲೆ ಚಿಗುರಿದಾಗ' ಚಿತ್ರದಲ್ಲಿ ಎಳೆ ವಯಸ್ಸಿನ ವಿಧವೆ. 1969ರ 'ಗೆಜ್ಜೆ ಪೂಜೆ'ಯಲ್ಲಿ ಮರ್ಯಾದೆಯ ಸಂಸಾರ ಬಯಸುವ ವೇಶ್ಯೆಯ ಮಗಳು, ಅದು ಎಂ.ಕೆ. ಇಂದಿರಾ ಅವರ ಕಾದಂಬರಿ. ಕಥೆಗಾರ್ತಿಯರು ಬರೆದ ಹೆಣ್ಣುಗಳಿಗೆ ಕಲ್ಪನಾ ಮುಖ ಕೊಟ್ಟರು, ಕೈ ಕೊಟ್ಟರು. ಅವರ ಅಭಿನಯ ಅತಿ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇರಲಿ ಬಿಡಿ. ಮೂರು ಬಾರಿ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಸುಮ್ಮನೆ ಬರುವುದಿಲ್ಲ.

ಇನ್ನು ಅವರ ಸಿಂಗಾರದ ವಿಷಯ. ಉದ್ದ ತೋಳಿನ ರವಿಕೆ, ಅದಕ್ಕೆ ಲೇಸು, ಪಫ್, ಕೊರಳಿಗೆ ಉದ್ದದ ಸರ, ಕೈತುಂಬ ಬಳೆ, ಬೆರಳಿಗೆ ದೊಡ್ಡ ಉಂಗುರ. ಅಮ್ಮನ ಹಳೆ ಫೋಟೋ ಆಲ್ಬಂ ತೆಗೆದು ನೋಡಿ. ಎಪ್ಪತ್ತರ ದಶಕದ ಮದುವೆ ಫೋಟೋಗಳಲ್ಲಿ ಅಂಥ ತೋಳಿನ ರವಿಕೆ ಕಾಣದಿದ್ದರೆ ಕೇಳಿ! ಇದರಲ್ಲಿ ನಿಮಗೊಂದು ಉಪಯುಕ್ತ ಪಾಠ ಉಂಟು. ತೋಳು ಪೂರ್ತಿ ಮುಚ್ಚಿದಾಗ ನೋಡುವವರ ಕಣ್ಣು ತಾನಾಗಿ ಬೆರಳಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಉದ್ದ ತೋಳಿನ ರವಿಕೆ ಹಾಕುವ ದಿನ ಉಗುರಿಗೆ ಗ್ಲಿಟರ್ ಸಾಕು, ಬೆರಳಿಗೊಂದು ಉಂಗುರ ಸಾಕು. ಎರಡೂ ಕೈಗೆ ನಾಲ್ಕು ನಾಲ್ಕು ಉಂಗುರ ಹಾಕಿ, ಹತ್ತೂ ಉಗುರಿಗೆ ದಪ್ಪ ಗ್ಲಿಟರ್ ಬಳಿದರೆ ಒಂದೂ ಕಾಣುವುದಿಲ್ಲ. ನಲವತ್ತು ದಾಟಿದವರಿಗೆ ಸಣ್ಣ ಹರಳಿನ ಗ್ಲಿಟರ್ ಚಂದ. ರೇಷ್ಮೆ ಸೀರೆಗೆ ಚಿನ್ನ ಅಥವಾ ತಾಮ್ರದ ಬಣ್ಣ, ತಿಳಿ ಬಣ್ಣದ ಸೀರೆಗೆ ಬೆಳ್ಳಿ. ಬರೀ ಉಗುರಿನ ತುದಿಗೆ ಹಚ್ಚಿ, ಬುಡದ ಕಡೆಗೆ ತೆಳುವಾಗುತ್ತಾ ಬಂದರೆ ಉಗುರು ಉದ್ದವಾಗಿ ಕಾಣುತ್ತದೆ. ಸ್ಪಂಜಿನ ತುಂಡಿಗೆ ಪಾಲಿಶ್ ಹಚ್ಚಿ ಮೆತ್ತಗೆ ಒತ್ತಿದರೆ ಬ್ರಷ್‌ಗಿಂತ ಚೆನ್ನಾಗಿ ಕೂರುತ್ತದೆ.

ಈಗ ಕಲ್ಪನಾ ಅವರ 'ಶರಪಂಜರ'ಕ್ಕೆ ಬರೋಣ. 1971. ಇದೂ ತ್ರಿವೇಣಿಯವರ ಕಾದಂಬರಿ, ಇದೂ ಪುಟ್ಟಣ್ಣನವರ ನಿರ್ದೇಶನ. ಈ ಬಾರಿ ಬಣ್ಣದಲ್ಲಿ! ಕಾವೇರಿ ಚೆಲುವೆ, ಪ್ರೀತಿಸುವ ಗಂಡ, ತುಂಬಿದ ಮನೆ. ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರ ಕಣ್ಣು ಗುಣವಾಗಿರುವುದಿಲ್ಲ ನೋಡಿ. ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ, ಹೂ ಮುಡಿದರೂ ಅನುಮಾನ. ಗಂಡ ಬೇರೊಬ್ಬಳ ಕಡೆ ತಿರುಗುತ್ತಾನೆ. ಕಾವೇರಿ ಮತ್ತೆ ಕುಸಿಯುತ್ತಾಳೆ. ಹೂ ಮುಡಿದು, ಬೆಲೆಬಾಳುವ ಸೀರೆ ಉಟ್ಟು, ಅದರ ಬೆಲೆಯನ್ನು ಹೇಳಿಕೊಳ್ಳುವ ಆ ದೃಶ್ಯವನ್ನು ನೋಡಿದವರು ಯಾರೂ ಮರೆತಿರಲಿಕ್ಕಿಲ್ಲ. ಈಗ ಅದನ್ನು ತಮಾಷೆಗೆ ಅನುಕರಣೆ ಮಾಡುವವರೂ ಇದ್ದಾರೆ. ನನಗಂತೂ ನಗು ಬರುವುದಿಲ್ಲ. ಸಿಂಗರಿಸಿಕೊಂಡ ಹೆಣ್ಣು ಮೊದಲು ಹುಚ್ಚಿ ಅನ್ನಿಸಿಕೊಂಡಳೋ, ಹುಚ್ಚಿ ಅನ್ನಿಸಿಕೊಂಡ ಮೇಲೆ ಸಿಂಗರಿಸಿಕೊಂಡಳೋ? ಸಿನಿಮಾ ಕೇಳುವುದು ಅದನ್ನೇ.

ಸ್ವಲ್ಪ ನಿಲ್ಲಿ, ಇದು ಬರೀ ಸಿನಿಮಾ ಮಾತಲ್ಲ. ಕಾವೇರಿಗೆ ಬಂದಂಥ ಕಾಯಿಲೆ ನಿಜಕ್ಕೂ ಇದೆ. ಸಾವಿರ ಹೆರಿಗೆಗಳಲ್ಲಿ ಒಬ್ಬರು ಇಬ್ಬರಿಗೆ, ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ಬರುತ್ತದೆ. ನಿದ್ದೆ ಪೂರ್ತಿ ಹೋಗುವುದು, ಇಲ್ಲದ ದನಿ ಕೇಳುವುದು, ವಿಪರೀತ ಅನುಮಾನ, ಒಮ್ಮೆ ಅತಿ ಉತ್ಸಾಹ, ಇನ್ನೊಮ್ಮೆ ದಿಕ್ಕು ತೋಚದ ಹಾಗೆ ಕೂರುವುದು ಇದರ ಲಕ್ಷಣ. ಇದು ದೆವ್ವವೂ ಅಲ್ಲ, ದೃಷ್ಟಿಯೂ ಅಲ್ಲ. ತಡಮಾಡದೆ ಅದೇ ದಿನ ವೈದ್ಯರಿಗೆ ತೋರಿಸಬೇಕು, ಚಿಕಿತ್ಸೆಯಿಂದ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟು ಆರೈಕೆ ಮಾಡುವ ವಾರ್ಡು 2009ರಿಂದ ಉಂಟು. ಸಿನಿಮಾದ ಕಾವೇರಿಗೆ ಆ ಭಾಗ್ಯ ಇರಲಿಲ್ಲ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಅವಳ ಮುಖ ನೋಡಿ ಎರಡು ಮಾತಾಡಿ. ಮನಸ್ಸಿನ ಯಾವ ತೊಂದರೆಗೂ ಸರಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416 ಹಗಲೂ ರಾತ್ರಿ ಇರುತ್ತದೆ, ಬರೆದಿಟ್ಟುಕೊಳ್ಳಿ.

'ಶರಪಂಜರ'ದ ನಂತರ ಕಲ್ಪನಾ ಪುಟ್ಟಣ್ಣನವರ ಚಿತ್ರಗಳಲ್ಲಿ ಕಾಣಿಸಲಿಲ್ಲ. ಆದರೂ ಅವಕಾಶ ನಿಲ್ಲಲಿಲ್ಲ. 1973ರಲ್ಲಿ 'ಗಂಧದ ಗುಡಿ'. 1974ರಲ್ಲಿ 'ಎರಡು ಕನಸು', ಅದರಲ್ಲಿ ಗಂಡನ ಮನಸ್ಸಿನಲ್ಲಿ ಬೇರೊಬ್ಬಳಿದ್ದಾಳೆ ಅಂತ ಗೊತ್ತಿದ್ದೂ ಕಾಯುವ ಗೌರಿ. 1976ರಲ್ಲಿ 'ಬಯಲು ದಾರಿ'. ಆ ಹೊತ್ತಿಗೆ ಹೊಸ ಮುಖಗಳು ಬಂದಿದ್ದವು. ಕಲ್ಪನಾ ನಾಟಕ ಕಂಪೆನಿಯ ಜೊತೆ ಉತ್ತರ ಕರ್ನಾಟಕದ ಊರೂರು ತಿರುಗಿದರು. ಸ್ಟುಡಿಯೋದ ಹದವಾದ ಬೆಳಕಿನಿಂದ ಟೆಂಟಿನ ಬಲ್ಬಿನ ಬೆಳಕಿಗೆ. ದಿನಾ ಸಂಜೆ ಬಣ್ಣ ಹಚ್ಚುವುದು, ನಡುರಾತ್ರಿ ಕಳೆದ ಮೇಲೆ ಬಣ್ಣ ತೆಗೆಯುವುದು.

1979ರ ಮೇ 12. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ಕಲ್ಪನಾ ತೀರಿಕೊಂಡರು. ಮೂವತ್ತಾರು ತುಂಬಲು ಇನ್ನೂ ಎರಡು ತಿಂಗಳಿತ್ತು. ಆ ಸಾವಿನ ಸುತ್ತ ಹಬ್ಬಿದ ಕತೆಗಳು ಬೇಕಾದಷ್ಟು, ಅವು ಈ ಪುಟಕ್ಕೆ ಬೇಡ ಮಾರಾಯ್ರೇ. ಬದುಕಿದ್ದಾಗ ಅವರ ಮೇಲೆ ಬಿದ್ದ ಕಣ್ಣು ಸಾಕು.

ಈಗ ನಿಮ್ಮ ಬಾಟ್ಲಿ ಹೊರಗೆ ತೆಗೆಯಿರಿ.

ನಮ್ಮೂರಿನ ಚಳಿ ಅಂದರೆ ಬೆಳಗಿನ ಜಾವದ ಎರಡು ಗಂಟೆ, ಮಧ್ಯಾಹ್ನ ಮತ್ತೆ ಬೆವರು. ಆದರೂ ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಪಾತ್ರೆ ಸೋಪಿಗೆ ಉಗುರಿನ ಸುತ್ತ ಚರ್ಮ ಸುಲಿಯುತ್ತದೆ. ರಾತ್ರಿ ಮಲಗುವಾಗ ಉಗುರಿನ ಬುಡಕ್ಕೆ ಎರಡು ಹನಿ ತೆಂಗಿನೆಣ್ಣೆ ತಿಕ್ಕಿ, ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಬುಡದ ತೆಳು ಚರ್ಮವನ್ನು ಕತ್ತರಿಸಲೇಬೇಡಿ, ಪಾರ್ಲರಿನಲ್ಲೂ ಬಿಡಬೇಡಿ. ಅದು ಉಗುರಿಗೆ ಬಾಗಿಲಿದ್ದ ಹಾಗೆ, ಕತ್ತರಿಸಿದರೆ ಸೋಂಕು ಒಳಗೆ ಬರುತ್ತದೆ. ನೆನೆದ ಮೇಲೆ ಬಟ್ಟೆಯಿಂದ ಮೆಲ್ಲಗೆ ಹಿಂದೆ ತಳ್ಳಿದರೆ ಸಾಕು.

ಪಾಲಿಶ್ ಹಚ್ಚುವ ದಿನ ಮಾತ್ರ ಉಗುರಿನಲ್ಲಿ ಎಣ್ಣೆ ಜಿಡ್ಡು ಇರಬಾರದು. ರಿಮೂವರ್ ಹತ್ತಿಯಲ್ಲಿ ಒಮ್ಮೆ ಒರೆಸಿ. ಬೇಸ್ ಕೋಟ್ ಮರೆಯಬೇಡಿ. ಗ್ಲಿಟರ್ ಅಂದರೆ ಅಲ್ಯೂಮಿನಿಯಂ ಲೇಪದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಚೂರು ಚೂರು ಮಾಡಿದ್ದು, ಉಗುರಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಮೂರು ನಾಲ್ಕು ನಿಮಿಷ ಬಿಡಿ. ಬೇಗ ಒಣಗಲಿ ಅಂತ ಫ್ಯಾನ್ ಜೋರಾಗಿ ಇಟ್ಟು ಅದರಡಿಯಲ್ಲಿ ಕೂತರೆ ಗುಳ್ಳೆ ಏಳುತ್ತದೆ. ಕೊನೆಗೆ ಟಾಪ್ ಕೋಟ್ ಹಚ್ಚಿದರೆ ಸೀರೆ ನೆರಿಗೆಗೆ, ಮಗುವಿನ ಕೆನ್ನೆಗೆ ತರಚುವುದಿಲ್ಲ.

ಮದುವೆ ಮನೆಯವರು ಕ್ರಮ ನೆನಪಿಡಿ. ಮದರಂಗಿ ಮೊದಲು, ಉಗುರುಬಣ್ಣ ಮಾರನೇ ದಿನ. ರೋಸ್ ಇದ್ದರೆ ತೆಂಗಿನಹಾಲಿನ ಶಾಸ್ತ್ರ ಎಲ್ಲ ಮುಗಿದು ಕೈ ತೊಳೆದ ಮೇಲೆಯೇ ಹಚ್ಚಿ. ಕುಸ್ವಾರಿಗೆ ಹಿಟ್ಟು ನಾದುವ ದಿನ, ಬಂಗುಡೆ ಕ್ಲೀನ್ ಮಾಡುವ ದಿನ ಉಗುರು ಖಾಲಿ ಇರಲಿ. ಎದ್ದ ಗ್ಲಿಟರ್ ಚೂರು ತಿನ್ನುವ ಪದಾರ್ಥಕ್ಕೆ ಬೀಳಬಾರದು ಅಲ್ವಾ? ಆಪರೇಶನ್, ಹೆರಿಗೆಗೆ ಆಸ್ಪತ್ರೆಗೆ ಹೋಗುವವರೂ ಮೊದಲೇ ತೆಗೆದುಬಿಡಿ. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರದ ಲೆಕ್ಕ ತಪ್ಪಬಹುದು.

ತೆಗೆಯುವುದೇ ಇದರ ಕಷ್ಟದ ಕೆಲಸ. ಟಿ.ವಿ. ನೋಡುತ್ತಾ ಉಗುರಿನಿಂದ ಉಗುರು ಕೆರೆಯುವ ಅಭ್ಯಾಸ ನಮ್ಮೆಲ್ಲರಿಗೂ ಉಂಟು. ಹಾಗೆ ಕೆರೆದರೆ ಪಾಲಿಶ್ ಜೊತೆ ಉಗುರಿನ ಮೇಲ್ಪದರವೂ ಕಿತ್ತು ಬರುತ್ತದೆ. ಹತ್ತಿಯನ್ನು ರಿಮೂವರಿನಲ್ಲಿ ಅದ್ದಿ ಉಗುರಿನ ಮೇಲಿಟ್ಟು, ತಿಂಡಿ ಸುತ್ತುವ ಫಾಯಿಲ್ ಕಾಗದದಿಂದ ಬೆರಳನ್ನು ಸುತ್ತಿ. ಐದರಿಂದ ಹತ್ತು ನಿಮಿಷ ಬಿಟ್ಟು ಒಂದೇ ಸಲ ಒತ್ತಿ ಎಳೆದರೆ ಎಲ್ಲ ಬಂದುಬಿಡುತ್ತದೆ. ಆದರೆ ರಿಮೂವರ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಕ್ರಿಸ್‌ಮಸ್ ಮೊಂಬತ್ತಿ ಹತ್ತಿರ ಬೇಡವೇ ಬೇಡ, ಕಿಟಕಿ ತೆರೆದು ಕೂರಿ.

ಹಚ್ಚಿಕೊಂಡ ದಿನ ರಾತ್ರಿ ಎಲ್ಲ ಮಲಗಿದ ಮೇಲೆ 'ಬೆಳ್ಳಿಮೋಡ' ಹಾಕಿಕೊಂಡು ನೋಡಿ. ಕೈಯಲ್ಲಿ ಚಾ ಲೋಟ ಇರಲಿ. ಟಿ.ವಿ.ಯ ಬೆಳಕಿಗೆ ನಿಮ್ಮ ಬೆರಳೂ ಮಿನುಗುವುದು ಕಾಣುತ್ತದೆ, ನೋಡುವವರು ಆಗ ನೀವೊಬ್ಬರೇ.