ಪುಸ್ತಕದ ಗಂಟು ಹೊತ್ತ ಮಾಸ್ತರರು: ಗಳಗನಾಥರು

ನಮ್ಮ ನೀಲಗುಂದದಿಂದ ಪಡುವಣಕ್ಕೆ ಹೋದರೆ ತುಂಗಭದ್ರೆ ಸಿಗುತ್ತದೆ. ಹೊಳೆಯ ಆಚೆ ದಡ ಹಾವೇರಿ ಸೀಮೆ. ವರದಾ ನದಿ ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿರುವ ಊರು ಗಳಗನಾಥ. 1869ರಲ್ಲಿ ಅಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ನಾಡು ಅವರ ಊರಿನ ಹೆಸರಿನಿಂದಲೇ ಗುರುತಿಸುತ್ತದೆ. ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಇವರು ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದವರು ಎಂಬುದು ನಮಗೆ ಹೆಚ್ಚು ಮುಖ್ಯ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಅವರು ಕನ್ನಡ ಶಾಲೆಯ ಮಾಸ್ತರರಾದರು.

ಆಗ ಹೊಳೆಯ ಆಚೆ ಮುಂಬಯಿ ಪ್ರಾಂತ, ಈಚೆ ಮದರಾಸು ಪ್ರಾಂತ. ಧಾರವಾಡದ ಕಡೆ ಓದುಬರಹ ಬಲ್ಲವರಲ್ಲಿ ಮರಾಠಿಯ ಪ್ರಭಾವ ಬಹಳ. ಕಥೆ ಬೇಕೆಂದವರು ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನಿಗೆ ಶಾಲೆ ಬಿಟ್ಟ ಮೇಲೆ ಓದಲು ಕನ್ನಡದಲ್ಲಿ ಹೆಚ್ಚೇನೂ ಇರಲಿಲ್ಲ. ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರವೂ ಮರೆತುಹೋಗುತ್ತದೆ. ಗಳಗನಾಥರು ಜೀವಮಾನವಿಡೀ ದುಡಿದದ್ದು ಈ ಕೊರತೆಯನ್ನು ತುಂಬಲು.

ಅವರು ಮೊದಲು ಸ್ವತಃ ವಿಸ್ತಾರವಾಗಿ ಓದಿದವರು. ಪುರಾಣ, ಇತಿಹಾಸಗಳ ಜೊತೆಗೆ ಮರಾಠಿಯ ಹರಿನಾರಾಯಣ ಆಪಟೆಯವರ ಕಾದಂಬರಿಗಳನ್ನು ಓದಿಕೊಂಡರು. ಆ ರುಚಿಯನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಕನ್ನಡಕ್ಕೆ ತಂದರು. ಆಪಟೆಯವರ ‘ವಜ್ರಾಘಾತ’ ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ವಿಜಯನಗರದ ಪತನವನ್ನು ಹೇಳುವ ಕಥೆ ಅದು. ವಿಜಯನಗರದ ಸ್ಥಾಪನೆಯನ್ನು ‘ಮಾಧವ ಕರುಣಾವಿಲಾಸ’ದಲ್ಲಿ ಬರೆದರು. ಹಂಪಿಯ ಸುತ್ತಲಿನ ನಮ್ಮ ಜನಕ್ಕೆ ಇವು ಮನೆಯ ಹಿರಿಯರ ಸುದ್ದಿಯಷ್ಟೇ ಹತ್ತಿರದ ಕಥೆಗಳು.

1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದಕ್ಕಾಗಿ ದುಡಿದರು. ಅವರ ಕಾದಂಬರಿಗಳು ಅದರಲ್ಲಿ ಕಂತುಕಂತಾಗಿ ಬಂದವು. ಇಡೀ ಪುಸ್ತಕ ಕೊಳ್ಳಲಾಗದವರಿಗೂ ಪತ್ರಿಕೆಯ ಮೂಲಕ ಕಥೆ ದೊರೆಯಿತು. ಒಬ್ಬರು ತರಿಸಿದ ಸಂಚಿಕೆಯನ್ನು ಹತ್ತು ಮಂದಿ ಓದಬಹುದಿತ್ತು. ಮುಂದೇನಾಯಿತು ಎಂಬ ಕುತೂಹಲ ಓದುಗರನ್ನು ಮುಂದಿನ ತಿಂಗಳವರೆಗೆ ಹಿಡಿದಿಡುತ್ತಿತ್ತು.

ಆದರೆ ಬರೆದು ಅಚ್ಚು ಹಾಕಿಸಿದ ಮಾತ್ರಕ್ಕೆ ಪುಸ್ತಕ ಓದುಗನನ್ನು ಮುಟ್ಟುವುದಿಲ್ಲ. ಹಳ್ಳಿಗಳಲ್ಲಿ ಪುಸ್ತಕದಂಗಡಿ ಇರಲಿಲ್ಲ. ಅದಕ್ಕೆ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದರು. ಅವರ ಬಗ್ಗೆ ಇಂದಿಗೂ ಜನ ನೆನೆಯುವ ಸಂಗತಿ ಇದು. ಇದರಿಂದ ಅವರು ಸಿರಿವಂತರಾಗಲಿಲ್ಲ, ಬಡತನ ಕೊನೆಯವರೆಗೂ ಜೊತೆಗಿತ್ತು. 1942ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಒಂದು ದೊಡ್ಡ ವರ್ಗವೇ ಹುಟ್ಟಿಕೊಂಡಿತ್ತು.

ಪ್ರಶಿಕ್ಷಣಾರ್ಥಿಗಳಾದ ನಾವು ಪಾಠಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವನ್ನೂ ಬರೆಯುತ್ತೇವೆ. ಪಾಠ ಮುಗಿದ ಮೇಲೆ ಮಗು ಏನನ್ನು ಓದಬೇಕು ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ. ಗಳಗನಾಥರು ತುಂಬಿದ್ದು ಇದೇ ಖಾಲಿ ಅಂಕಣವನ್ನು. ಇಂದು ಪುಸ್ತಕಗಳಿಗೆ ಬರವಿಲ್ಲ, ಆದರೆ ಹೊಸ ಪುಸ್ತಕದ ಬೆಲೆ ಕೂಲಿಯವರ ಮನೆಗೆ ಭಾರ. ಪೇಟೆಯ ಪಾದಚಾರಿ ದಾರಿಯಲ್ಲಿ ರಾಶಿ ಹಾಕಿದ ಹಳೆಯ ಪುಸ್ತಕಗಳು ಇಲ್ಲಿ ನೆರವಿಗೆ ಬರುತ್ತವೆ. ಒಂದು ಹೊಸ ಪುಸ್ತಕದ ಹಣಕ್ಕೆ ಅಲ್ಲಿ ಕಥೆ, ಪ್ರವಾಸ, ವಿಜ್ಞಾನ, ಜೀವನಚರಿತ್ರೆ ಎಂದು ನಾಲ್ಕಾರು ಬರುತ್ತವೆ. ಬೆಲೆ ಕಡಿಮೆಯಾದಾಗ ಗೊತ್ತಿಲ್ಲದ ವಿಷಯಕ್ಕೂ ಕೈಹಾಕುವ ಧೈರ್ಯ ಬರುತ್ತದೆ. ಹಿಡಿಸದಿದ್ದರೆ ನಷ್ಟ ಅಲ್ಪ, ಹಿಡಿಸಿದರೆ ಓದಿನ ಹೊಸ ದಾರಿಯೇ ತೆರೆಯುತ್ತದೆ. ವಿಸ್ತಾರವಾದ ಓದು ಹೆಚ್ಚಾಗಿ ಹೀಗೆಯೇ ಬೆಳೆಯುತ್ತದೆ.

ಬೋಧನಾಭ್ಯಾಸಕ್ಕೆ ಹೋಗುವಾಗ ಚಾರ್ಟು, ಮಾದರಿಗಳ ಜೊತೆಗೆ ಇಂಥ ಹತ್ತು ಹಳೆಯ ಪುಸ್ತಕಗಳನ್ನು ಚೀಲದಲ್ಲಿ ಒಯ್ಯಬಹುದು. ಮಕ್ಕಳು ತಾವೇ ಆರಿಸಿಕೊಳ್ಳಲಿ, ಮನೆಗೂ ಒಯ್ಯಲಿ. ಓದಿದ್ದರ ಮೇಲೆ ಪ್ರಶ್ನೆ ಕೇಳುವುದು ಬೇಡ. ಒಂದೆರಡು ಪುಸ್ತಕ ಹರಿದು ಬಂದರೆ ಬೇಸರಪಡಬೇಕಾಗಿಲ್ಲ, ಅವು ಓದಿಸಿಕೊಂಡಿವೆ ಎಂದು ತಿಳಿದರಾಯಿತು.